ಗುರುಪುರದ ಖರ್ಜ

ಖರ್ಜದ ಸಾಧನೆ ನಮ್ಮ ಕಲಬುರಗಿಯ ಸೀಮೆಗೆ ಅಪರಿಚಿತವಾದುದಲ್ಲ. ಬ್ರಹ್ಮಪುರದಲ್ಲಿ ಹಿಂದೂಸ್ತಾನಿ ಗಾಯನವನ್ನು ಕಲಿಯಹೊರಟ ಶಿಷ್ಯನಿಗೂ ಬೆಳಗಿನ ಜಾವದಲ್ಲಿ ತಂಬೂರಿಯ ಮುಂದೆ ಕುಳಿತು ಮಂದ್ರಷಡ್ಜವನ್ನು ಹಿಡಿದು ನಿಲ್ಲಿಸುವುದೇ ಮೊದಲ ತಪಸ್ಸು. ಆದರೆ ಆ ಷಡ್ಜಕ್ಕೂ ಕೆಳಗೆ, ಸಾಮಾನ್ಯ ಕಂಠವು ಸೋತು ಕೈಚೆಲ್ಲುವೆಡೆಯಿಂದ ಆರಂಭವಾಗುವ ಪಠಣಕ್ರಮವೊಂದು ಇದೇ ಕನ್ನಡ ನಾಡಿನ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಹಲವು ದಶಕಗಳಿಂದ ನಡೆದುಬಂದಿದೆಯೆಂಬುದನ್ನು ಬಲ್ಲವರು ವಿರಳ. ಬೈಲುಕುಪ್ಪೆಯ ಸ್ವರ್ಣಮಂದಿರವನ್ನು ಕಂಡು, ಚಿತ್ರ ತೆಗೆಸಿಕೊಂಡು ಮರಳುವ ನಮ್ಮವರಲ್ಲಿ ಗುರುಪುರದತ್ತ ತಿರುಗುವವರು ಎಷ್ಟು ಮಂದಿಯೋ!

ಅಲ್ಲಿರುವುದು ಗ್ಯುದ್ಮೇ ತಾಂತ್ರಿಕ ವಿದ್ಯಾಪೀಠ. ಟಿಬೆಟ್ಟಿನ ಬೌದ್ಧಾಚಾರ್ಯ ತ್ಸೋಂಗ್‌ಖಾಪನ ಶಿಷ್ಯನಾದ ಶೇರಬ್ ಸೆಂಗೆ 1433ರಲ್ಲಿ ಟಿಬೆಟ್ಟಿನಲ್ಲಿ ಸ್ಥಾಪಿಸಿದ ಈ ಪೀಠವು 1959ರ ವಿಪ್ಲವದ ತರುವಾಯ ಹಿಮಾಲಯವನ್ನು ದಾಟಿ, ಡಾಲ್‌ಹೌಸಿಯಲ್ಲಿ ಕೆಲಕಾಲ ತಂಗಿ, 1970ರ ದಶಕದಲ್ಲಿ ಇಲ್ಲಿ ನೆಲೆನಿಂತಿತು. ಗುಹ್ಯಸಮಾಜ, ಚಕ್ರಸಂವರ, ಯಮಾಂತಕ ತಂತ್ರಗಳ ಅಧ್ಯಯನಾನುಷ್ಠಾನಗಳು ಇದರ ಮುಖ್ಯೋದ್ದೇಶ. ಮಂದ್ರಪಠಣವು ಆ ಅನುಷ್ಠಾನದ ಒಂದು ಅಂಗವೇ ಹೊರತು ಸಭಾರಂಜನೆಯ ವಿದ್ಯೆಯಲ್ಲ.

ಧ್ವನಿತಂತುಗಳಿಗೆ ತುಸು ಮೇಲ್ಗಡೆ, ಸಾಧಾರಣ ಮಾತಿನಲ್ಲಿ ನಿಶ್ಚಲವಾಗಿರುವ ಇನ್ನೊಂದು ಜೊತೆ ಮಡಿಕೆಗಳು ಪ್ರತಿಯೊಬ್ಬನ ಗಂಟಲಿನಲ್ಲಿಯೂ ಉಂಟು. ಧ್ವನಿತಂತುಗಳು ಎರಡು ಸಲ ಕಂಪಿಸುವಾಗ ಇವು ಒಂದು ಸಲ ಕಂಪಿಸುವಂತೆ ಪಳಗಿಸಿದರೆ, ಕಿವಿಗೆ ಕೇಳುವ ಸ್ವರವು ಒಂದು ಸಪ್ತಕ ಕೆಳಗಿಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಗಂಟಲನ್ನು ಹಿಂಡಿ ಗೊಗ್ಗರು ದನಿ ಹೊರಡಿಸುವುದು ಯಾರಿಂದಲೂ ಆದೀತು. ಹಿಂಡದೆ, ಉಸಿರನ್ನು ತಡೆಯದೆ, ಆ ಮಡಿಕೆಗಳನ್ನು ತಾವಾಗಿಯೇ ಜೊತೆಗೂಡುವಂತೆ ಬಿಡುವುದೇ ಕಠಿಣ. ಆದುದರಿಂದಲೇ ಈ ವಿದ್ಯೆಯು ಗ್ರಂಥದಿಂದ ಬರುವಂಥದಲ್ಲ. ಉಮ್ಜೆಯೆಂದು ಕರೆಯಲ್ಪಡುವ ಪಠಣಾಚಾರ್ಯನು ದನಿಯೆತ್ತಲು, ಹಿರಿಯರ ಸಾಲಿನೊಳಗೆ ಕುಳಿತ ಕಿರಿಯ ಭಿಕ್ಷುವು ಅದರೊಡನೆ ತನ್ನ ದನಿಯನ್ನು ಬೆರೆಸುತ್ತ ಬೆರೆಸುತ್ತ ಅದನ್ನು ಕಂಡುಕೊಳ್ಳಬೇಕು.

ನಮ್ಮವರಿಗೆ ಸೋಜಿಗವೆನಿಸುವ ಸಂಗತಿ ಇನ್ನೊಂದಿದೆ. ಗ್ಯುದ್ಮೇಯ ಸೋದರಪೀಠವಾದ ಗ್ಯುತೋದ ಲಾಮಾಗಳ ಪಠಣವನ್ನು ಹ್ಯೂಸ್ಟನ್ ಸ್ಮಿತ್ ಎಂಬ ಅಮೆರಿಕದ ಧರ್ಮವಿದ್ವಾಂಸನು ಧ್ವನಿಮುದ್ರಿಸಿ, ಇಬ್ಬರು ಸಹೋದ್ಯೋಗಿಗಳೊಡನೆ 1967ರಲ್ಲಿ ಧ್ವನಿಶಾಸ್ತ್ರದ ಪತ್ರಿಕೆಯೊಂದರಲ್ಲಿ ವಿವೇಚಿಸಿದನು. ಒಬ್ಬನೇ ಲಾಮಾ ಏಕಕಾಲದಲ್ಲಿ ಎರಡು ಸ್ವರಗಳನ್ನು ಕೇಳಿಸುತ್ತಿದ್ದನು. ಮೇಲಿನದು ಕೆಳಗಿನದರ ಗಾಂಧಾರ. ತಂಬೂರಿಯ ಖರ್ಜದ ತಂತಿಯನ್ನು ಮೀಟಿದಾಗ ಯಾರೂ ಶ್ರುತಿಮಾಡದ ಸ್ವಯಂಭೂ ಗಾಂಧಾರವೊಂದು ತಾನಾಗಿ ಹೊಮ್ಮುವುದಲ್ಲವೆ, ಅದೇ ಈ ಗಾಂಧಾರ. ಇಲ್ಲಿ ಮಾತ್ರ ನಾಲಗೆ ತುಟಿಗಳ ವಿನ್ಯಾಸದಿಂದ ಅದನ್ನು ಎತ್ತಿ ತೋರಿಸುವರು. ಖಯಾಲಿನ ಗಾಯಕನು ಖರ್ಜವನ್ನು ಬುನಾದಿಯಾಗಿಸಿಕೊಂಡು ತಾರಕ್ಕೆ ಏರುತ್ತಾನೆ. ಈ ಭಿಕ್ಷುಗಳಾದರೋ ಅಲ್ಲಿಯೇ ನಿಂತು, ಮಂತ್ರದ ಒಂದೊಂದು ಅಕ್ಷರವನ್ನೂ ನೀಳವಾಗಿ ಎಳೆದು, ಬಾಯಿಯ ಆಕಾರವನ್ನು ಮೆಲ್ಲನೆ ಬದಲಿಸುತ್ತ ನಾದದ ಬಣ್ಣವನ್ನು ಪಲ್ಲಟಿಸುತ್ತಾರೆ.