ಗಾಲಿಕುರ್ಚಿಯೂ ಹೆರಿಗೆಮನೆಯೂ

ಎಳವೆಯಲ್ಲಿ ಪೋಲಿಯೋ ತಗಲಿ ಕಾಲು ಸೊರಗಿದ ಮಗಳ ಓದಿನ ಚಿಂತೆಯನ್ನು ನಾವು ಮಾಡಿದ್ದೇವೆ, ಉದ್ಯೋಗದ ಚಿಂತೆಯನ್ನೂ ಮಾಡಿದ್ದೇವೆ. ಮದುವೆಯ ಮಾತು ಬಂದಾಗ ಮಾತ್ರ ದನಿ ತಗ್ಗುತ್ತದೆ. ಇನ್ನು ಅವಳ ಮುಟ್ಟು, ಬಸಿರು, ಬಾಣಂತನಗಳ ವಿಷಯವನ್ನಂತೂ ಯಾರೂ ಎತ್ತುವುದೇ ಇಲ್ಲ; ಅವೆಲ್ಲ ಅವಳಿಗೆ ಸಂಬಂಧಿಸಿದ್ದಲ್ಲವೆಂಬಂತೆ ನಡೆದುಕೊಳ್ಳುತ್ತೇವೆ. ಸಂಕೋಚದ ವಿಷಯವೇ ಸರಿ. ಆದರೂ ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿಯೇ ಅದನ್ನು ಆಡಬೇಕೆಂದು ನಮಗೆ ತೋರಿತು.

೨೦೧೧ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳವರು ೨ ಕೋಟಿ ೬೮ ಲಕ್ಷ. ಅವರಲ್ಲಿ ಸ್ತ್ರೀಯರೇ ೧ ಕೋಟಿ ೧೮ ಲಕ್ಷ. ನಾವಿಲ್ಲಿ ಹೇಳಹೊರಟಿರುವುದು ಕೈಕಾಲು, ಬೆನ್ನುಹುರಿಗಳ ತೊಂದರೆಯುಳ್ಳ ಸೋದರಿಯರ ಮಾತನ್ನು ಮಾತ್ರ.

ಮೊದಲ ಅಡ್ಡಿ ಪರೀಕ್ಷೆಯ ಮೇಜು. ಗಾಲಿಕುರ್ಚಿಯ ಆಸನ ನೆಲದಿಂದ ಸುಮಾರು ೧೯ ಅಂಗುಲ. ಸಾಮಾನ್ಯ ಪರೀಕ್ಷಾ ಮೇಜು ಸುಮಾರು ೩೨ ಅಂಗುಲ. ನಡುವಿನ ಈ ಒಂದಡಿಯ ಏರು ನಮಗೆ ಒಂದು ಮೆಟ್ಟಿಲು, ಆಕೆಗೆ ಗುಡ್ಡ. ಆಯಾ ಒಬ್ಬಳು, ವಾರ್ಡಿನ ಆಳು ಒಬ್ಬ ಸೇರಿ ಅವಳನ್ನು ಮೂಟೆಯಂತೆ ಎತ್ತಿ ಹಾಕುತ್ತಾರೆ. ಹಾಗೆ ಒಮ್ಮೆ ಎತ್ತಿಸಿಕೊಂಡ ಹೆಂಗಸು ಎರಡನೆಯ ಸಲ ಹೋಗುವುದಕ್ಕೆ ಹಿಂಜರಿದರೆ ಆಶ್ಚರ್ಯವೇನು? ಎತ್ತುವವರಿಲ್ಲದ ಕಡೆ ಕುರ್ಚಿಯಲ್ಲಿಯೇ ಕೂರಿಸಿ ನಾಲ್ಕು ಪ್ರಶ್ನೆ ಕೇಳಿ ಔಷಧಿಯ ಚೀಟಿ ಬರೆದುಕೊಡುವುದುಂಟು. ಹೀಗಾಗಿ ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ತಪ್ಪಿಹೋಗುತ್ತದೆ. ನಿಂತುಕೊಂಡೇ ತೂಗಬೇಕಾದ ತಕ್ಕಡಿಯಾದ್ದರಿಂದ ಬಸುರಿಯ ತೂಕ ಕೂಡ ಅಂದಾಜಿನದಾಗುತ್ತದೆ.

ಎರಡನೆಯದು ಮಾತಿನ ಅಡ್ಡಿ. ಪರಊರಿನಲ್ಲಿರುವ ನಮ್ಮವರಿಗೆ ಇದು ಇಮ್ಮಡಿ. ಊರಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದ ನಮ್ಮ ಪರಿಚಯದ ತರುಣಿಯೊಬ್ಬಳು ಮೂರು ತಿಂಗಳ ಬಸುರಿ; ಊರುಗೋಲಿನ ನಡಿಗೆ. ವೈದ್ಯರು ಅವಳ ತಲೆಯ ಮೇಲಿಂದ ಅತ್ತೆಯವರನ್ನು ಹಿಂದಿಯಲ್ಲಿ ಕೇಳಿದರಂತೆ: ‘ಈ ಸ್ಥಿತಿಯಲ್ಲಿ ಇವಳಿಗೆ ಮಗುವೇಕೆ?’ ಹಿಂದಿ ತನಗೆ ಅಷ್ಟು ಬಾರದಿದ್ದರೂ ಆ ಒಂದು ವಾಕ್ಯ ಪೂರ್ತಿ ಅರ್ಥವಾಯಿತೆಂದು ಅವಳು ನಮ್ಮಲ್ಲಿ ಹೇಳಿದಳು. ಗಂಡನೋ ಅತ್ತೆಯೋ ದುಭಾಷಿಯಾದಲ್ಲಿ ಹೆಣ್ಣಿನ ಎಷ್ಟು ಪ್ರಶ್ನೆಗಳು ಬಾಯಲ್ಲೇ ಉಳಿಯುತ್ತವೆಂಬುದನ್ನು ನಮ್ಮ ವಾಚಕಿಯರಿಗೆ ವಿವರಿಸಬೇಕಾಗಿಲ್ಲ.

ವೈದ್ಯಶಾಸ್ತ್ರವಾದರೋ ಇಷ್ಟು ನಿರಾಶೆಯ ಮಾತಾಡುವುದಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಕೆಲವು ತಿಂಗಳು ಮುಟ್ಟು ನಿಲ್ಲಬಹುದು, ಮತ್ತೆ ಬರುತ್ತದೆ. ಗರ್ಭಧಾರಣೆಯ ಶಕ್ತಿ ಸಾಮಾನ್ಯವಾಗಿ ಕುಂದುವುದಿಲ್ಲ. ಆದರೆ ಎಚ್ಚರ ಬೇಕು. ಪೆಟ್ಟು ಬೆನ್ನಿನ ಮೇಲ್ಭಾಗದಲ್ಲಿದ್ದರೆ ಹೆರಿಗೆ ನೋವು ತಿಳಿಯದೆಯೇ ಹೋಗಬಹುದು. ಆದ್ದರಿಂದ ಕೊನೆಯ ವಾರಗಳಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಬಿಗಿತವನ್ನು ಗುರುತಿಸುವುದನ್ನು ಆಕೆಗೆ ಕಲಿಸಬೇಕು. ಎದೆಯ ಆರನೆಯ ಬೆನ್ನೆಲುಬಿನ ಮಟ್ಟದಲ್ಲಿ ಇಲ್ಲವೆ ಅದಕ್ಕಿಂತ ಮೇಲೆ ಪೆಟ್ಟಾಗಿದ್ದರೆ ಹೆರಿಗೆಯ ಹೊತ್ತಿನಲ್ಲಿ ರಕ್ತದೊತ್ತಡ ತಟಕ್ಕನೆ ಏರಿ, ತಲೆ ಸಿಡಿದು, ಮುಖ ಕೆಂಪೇರಿ ಬೆವರುವುದುಂಟು. ಇದು ಪ್ರಾಣಾಪಾಯದ ಲಕ್ಷಣ. ಬಸುರಿಯರ ಸಾಮಾನ್ಯ ರಕ್ತದೊತ್ತಡವೆಂದು ಭ್ರಮಿಸಿದರೆ ಅನರ್ಥ. ಮೊದಲೇ ತಿಳಿದಿದ್ದರೆ ಬೆನ್ನಿನಲ್ಲಿ ಕೊಡುವ ಎಪಿಡ್ಯೂರಲ್ ಅರಿವಳಿಕೆಯಿಂದ ತಡೆಯಬಹುದು. ಪೋಲಿಯೋದಿಂದ ಬೆನ್ನು ಅಥವಾ ಸೊಂಟದ ಎಲುಬು ಓರೆಯಾದವರು ತಿಂಗಳುಗಳ ಮುಂಚೆಯೇ ಅರಿವಳಿಕೆ ತಜ್ಞರನ್ನು ಕಾಣುವುದು ಲೇಸು. ಅಂಗವಿಕಲೆಯೆಂದ ಮಾತ್ರಕ್ಕೆ ಸಿಸೇರಿಯನ್ ಶಸ್ತ್ರಕ್ರಿಯೆಯೇ ಗತಿಯೆಂಬುದು ಸುಳ್ಳು. ಹಾಗೆಯೇ, ಚಲನೆಯಿಲ್ಲದೆ ಕುಳಿತಿರುವವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಯಿಂದ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಅಂಗಡಿಯಿಂದ ತಾವಾಗಿ ತಂದು ನುಂಗಬಾರದು.

೧೯೯೪ರಲ್ಲಿ ಪುಣೆಯ ಬಳಿಯ ಶಿರೂರಿನ ಸರಕಾರಿ ಆಶ್ರಯಗೃಹದ ಬುದ್ಧಿಮಾಂದ್ಯ ಹುಡುಗಿಯರ ಗರ್ಭಕೋಶವನ್ನು, ಮುಟ್ಟಿನ ಶುಚಿತ್ವದ ನೆಪವೊಡ್ಡಿ, ತೆಗೆಸಿದ ಸುದ್ದಿ ದೇಶವನ್ನೇ ಕಲಕಿತ್ತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೧೦ನೆಯ ಕಲಮಿನಂತೆ ಈಗ ಯಾರಿಗೂ ಅವರ ತಿಳಿದ, ಸ್ವತಂತ್ರ ಒಪ್ಪಿಗೆಯಿಲ್ಲದೆ ಬಂಜೆತನ ತರುವ ಚಿಕಿತ್ಸೆ ಮಾಡಕೂಡದು. ಅಂಗವಿಕಲ ಸ್ತ್ರೀಯ ಸ್ಪಷ್ಟ ಸಮ್ಮತಿಯಿಲ್ಲದೆ ಗರ್ಭಪಾತ ಮಾಡಿಸಿದವರಿಗೆ ೬ ತಿಂಗಳಿಂದ ೫ ವರ್ಷದವರೆಗೆ ಸೆರೆಯಿದೆ. ವೈಕಲ್ಯ ತೀವ್ರವಾಗಿದ್ದಲ್ಲಿ ವೈದ್ಯರ ಅಭಿಪ್ರಾಯ, ಪೋಷಕರ ಒಪ್ಪಿಗೆಗಳ ಮೇಲೆ ವಿನಾಯಿತಿಯೊಂದನ್ನು ಇಟ್ಟಿದ್ದಾರೆ. ಆ ಕಂಡಿ ನಮಗೆ ಸರಿಕಾಣದು. ಉಳಿದಂತೆ ಕಾಯಿದೆ ಒಳ್ಳೆಯದೇ. ಆದರೆ ಮೇಜಿನ ಕಾಲುಗಳು ಇನ್ನೂ ಅಷ್ಟೇ ಉದ್ದವಿವೆಯಲ್ಲ!

ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವ ಪದ್ಧತಿಯ ವಿಷಯವಾಗಿ ಒಂದು ಮಾತು. ರಾತ್ರಿಯೆಲ್ಲ ರೈಲಿನಲ್ಲಿ ಅಲುಗಾಡದೆ ಕೂರುವುದು ಇಂಥ ಬಸುರಿಗೆ ಹಿತವಲ್ಲ. ಕೊನೆಯ ತಿಂಗಳಲ್ಲಿ ಹೊಸ ವೈದ್ಯರಿಗೆ ಹಳೆಯ ಕಥೆಯೆಲ್ಲ ತಿಳಿಯುವುದೂ ಕಷ್ಟ. ಕಳಿಸಲೇಬೇಕಾದರೆ ಬೇಗನೆ ವೈದ್ಯರನ್ನು ಕೇಳಿ ನಿಶ್ಚಯಿಸಿ, ಕಾಗದಪತ್ರಗಳೊಡನೆ ಕಳಿಸಿರಿ. ಇಲ್ಲವೇ ತಾಯಿಯನ್ನೇ ಇಲ್ಲಿಗೆ ಕರೆಸಿಕೊಳ್ಳಿರಿ. ಆಸ್ಪತ್ರೆಗೆ ಹೋಗುವ ಮುನ್ನ ಫೋನು ಮಾಡಿ ತಗ್ಗಿಸಬಲ್ಲ ಮೇಜು, ಲಿಫ್ಟು, ಗಾಲಿಕುರ್ಚಿ ಹಿಡಿಸುವ ಶೌಚಾಲಯ ಇವೆಯೇ ಎಂದು ಕೇಳಿರಿ. ಇಂಥ ಅನುಕೂಲವುಳ್ಳ ಪ್ರಸೂತಿಗೃಹಗಳು ನಿಮ್ಮ ಬಡಾವಣೆಯಲ್ಲಿದ್ದರೆ, ಕನ್ನಡ ಬಲ್ಲ ಸ್ತ್ರೀವೈದ್ಯೆಯರಿದ್ದರೆ, ಸಂಘದ ಕಚೇರಿಗೆ ಒಂದು ಸಾಲು ಬರೆದು ತಿಳಿಸಿರಿ. ಮುಂದಿನ ಸಂಚಿಕೆಯಲ್ಲಿ ಅವುಗಳ ಪಟ್ಟಿಯನ್ನು ಅಚ್ಚುಹಾಕುವೆವು.