ಕದ್ದಿದ್ದು ಯಾರಂತ ಗೊತ್ತು, ಕಂಪ್ಲೇಂಟ್ ಯಾಕಿಲ್ಲ?

ಕಳೆದ ಫೆಸ್ಟ್‌ನಲ್ಲಿ ನಮ್ಮ ಫುಡ್ ಸ್ಟಾಲಿನ ಕ್ಯಾಶ್ 4,300 ರೂಪಾಯಿ ಕಡಿಮೆ ಬಂತು. ಯಾರು ತಗೊಂಡಿದ್ದು ಅಂತ ಎರಡೇ ದಿನದಲ್ಲಿ ಗೊತ್ತಾಯ್ತು. ಎಚ್‌ಓಡಿ ಸರ್‌ಗೆ ಹೇಳೋಣ ಅಂತ ಚರ್ಚೆ ಆಯ್ತು, ಹೇಳಲಿಲ್ಲ. ಹಣ ವಾಪಸ್ ಬಂತು, ಅವನು ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹೋದ, ಅಲ್ಲಿಗೆ ಮುಗಿಸಿದ್ವಿ.

ಆಮೇಲೆ ಈ ವಿಷಯ ಓದಿದಾಗ ಗೊತ್ತಾಗಿದ್ದು, ಎಷ್ಟೋ ಕಂಪನಿಗಳು ಮಾಡೋದೂ ಇದನ್ನೇ.

ಕಾನೂನು ಇಲ್ಲ ಅಂತಲ್ಲ. ತನ್ನ ಕೈಗೆ ಒಪ್ಪಿಸಿದ ಹಣವನ್ನು ನೌಕರ ನುಂಗಿದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲಾಗಬಹುದು. ಹಳೇ ಐಪಿಸಿಯಲ್ಲಿ ಇದು 408. ಆದರೆ ಮಾಲೀಕರಿಗೆ ಬೇಕಿರೋದು ದುಡ್ಡು. "ಕಟ್ಟಿಬಿಡು, ರಾಜೀನಾಮೆ ಕೊಡು" ಅಂದರೆ ಮನೆಯವರಾದರೂ ಸಾಲ ಮಾಡಿ ತಂದುಕೊಡ್ತಾರೆ. ಜೈಲಿಗೆ ಹೋದವನು ಎಲ್ಲಿಂದ ಕಟ್ತಾನೆ? ಜೊತೆಗೆ ಹೆಸರು ಕೆಡುವ ಭಯ. ತಮ್ಮ ದುಡ್ಡನ್ನೇ ನೋಡ್ಕೊಳ್ಳೋಕೆ ಆಗದವರು ನಮ್ಮದನ್ನ ಏನು ನೋಡ್ಕೋತಾರೆ ಅಂತ ಗ್ರಾಹಕರು ಅಂದುಬಿಟ್ಟರೆ? ಕೇಸ್ ಆದರೆ ಲೆಕ್ಕದ ಪುಸ್ತಕವನ್ನೂ ಬಿಚ್ಚಿಡಬೇಕು. ಕೆಲವರ ಪುಸ್ತಕದಲ್ಲಿ ಅವರದೇ ಗುಟ್ಟುಗಳಿರುತ್ತವೆ, ಅದು ಬೇರೆ ಮಾತು.

ನಮಗೆ ತುಂಬಾ ಇಂಟರೆಸ್ಟಿಂಗ್ ಅನ್ನಿಸಿದ್ದು ಸಾಕ್ಷಿಯ ವಿಷಯ. ಸಿಸ್ಟಂ ಲಾಗ್ ಇದೆಯಲ್ಲ, ಸಾಕು ಅಂದುಕೊಂಡಿದ್ವಿ. ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಸರ್ಟಿಫಿಕೇಟ್‌ನಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ ಕೂಡ ಬರೆಯಬೇಕು. ಅಷ್ಟರಲ್ಲಿ ಅವನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಹೊಸಬರ ಟೇಬಲ್ ಮೇಲೆ ಕೂತಿದ್ದರೆ ಕಥೆ ಮುಗೀತು! ಆಫೀಸಿನವರೆಲ್ಲ ಒಂದೇ ಪಾಸ್‌ವರ್ಡ್ ಬಳಸ್ತಿದ್ದರಂತೂ ಎಂಟ್ರಿ ಮಾಡಿದ್ದು ಇವನೇ ಅಂತ ತೋರಿಸೋದು ಹೇಗೆ? ಕ್ರಿಮಿನಲ್ ಕೋರ್ಟ್‌ನಲ್ಲಿ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಬೇಕು. ಕಂಪನಿಯ ಒಳಗಿನ ವಿಚಾರಣೆಗೆ ಅಷ್ಟು ಬೇಡ, ಇವನೇ ಮಾಡಿರೋ ಸಾಧ್ಯತೆ ಹೆಚ್ಚು ಅನ್ನೋದು ಕಂಡರೆ ಕೆಲಸದಿಂದ ತೆಗೆಯಬಹುದು. ಸುಲಭದ ದಾರಿ ಇರುವಾಗ ಸ್ಟೇಷನ್ ಮೆಟ್ಟಿಲು ಯಾರು ಹತ್ತುತ್ತಾರೆ?

ಎಲ್ಲ ಸಲವೂ ಮುಚ್ಚಿಡೋಕೆ ಆಗಲ್ಲ. ನೌಕರರಿಂದ ಕಂಪನಿಗೆ 1 ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ವಂಚನೆ ಆಗಿದೆ ಅಂತ ಆಡಿಟರ್‌ಗೆ ಕಂಡರೆ, 2013ರ ಕಂಪನಿ ಕಾಯ್ದೆ ಪ್ರಕಾರ ಅವರು ಕೇಂದ್ರ ಸರ್ಕಾರಕ್ಕೆ ತಿಳಿಸಲೇಬೇಕು. ಕಡಿಮೆ ಇದ್ದರೆ ಬೋರ್ಡ್‌ಗೋ ಆಡಿಟ್ ಕಮಿಟಿಗೋ ಹೇಳಬೇಕು.

ಹೀಗೆ ಸದ್ದಿಲ್ಲದೆ ರಾಜೀನಾಮೆ ಕೊಟ್ಟವನ ಕೈಯಲ್ಲಿ ಕ್ಲೀನ್ ಆದ ಎಕ್ಸ್‌ಪೀರಿಯನ್ಸ್ ಲೆಟರ್ ಇರುತ್ತೆ. ಮುಂದಿನ ಕಂಪನಿ ಅದನ್ನೇ ನಂಬಿ ಕ್ಯಾಶ್ ಕೌಂಟರ್‌ನಲ್ಲಿ ಕೂರಿಸುತ್ತೆ. ನಮ್ಮ ಸ್ಟಾಲಿನವನು ಈ ಸೆಮ್‌ನಲ್ಲಿ ಇನ್ನೊಂದು ಕ್ಲಬ್‌ನ ಟ್ರೆಷರರ್. ಅವರು ನಮ್ಮನ್ನ ಏನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.