ಹಳೇ ವಿಳಾಸಕ್ಕೆ ಹೊಸ ಬಾಡಿಗೆ

ನಮ್ಮ ಇಂಗಳೇಶ್ವರಕ್ಕೆ ಬರುವ ಟಪಾಲಿನ ಮೇಲೆ ಈಗಲೂ ಕೆಲವರು ‘ಬಿಜಾಪುರ ಜಿಲ್ಲೆ’ ಎಂದೇ ಬರೆಯುತ್ತಾರೆ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದೇ ವಿಜಯಪುರ ಆಯಿತು. ಆದರೂ ಪತ್ರ ತಪ್ಪದೆ ಬರುತ್ತದೆ. ಪಿನ್‌ಕೋಡ್ ಇದೆ, ಅದಕ್ಕಿಂತ ಹೆಚ್ಚಾಗಿ ಅಂಚೆಯಣ್ಣನಿಗೆ ನನ್ನ ಮನೆ ಗೊತ್ತು. ಇ-ಮೇಲ್‌ಗೆ ಇಂಥ ಅಂಚೆಯಣ್ಣ ಇಲ್ಲ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕೆಲವು ವರ್ಷ ಒಂದು ಅಂಗಡಿಯ ಲೆಕ್ಕ ಬರೆದೆ. ಮಾಲೀಕರು ಅಂಗಡಿಯ ಹೆಸರಿನಲ್ಲೇ ಇ-ಮೇಲ್ ಮಾಡಿಸಿ ನನಗೂ ಒಂದು ವಿಳಾಸ ಕೊಟ್ಟಿದ್ದರು. ಪಿಂಚಣಿಗೆ, ವಿಮೆಗೆ, ಗೆಳೆಯರಿಗೆ ಎಲ್ಲರಿಗೂ ಅದನ್ನೇ ಕೊಟ್ಟೆ. ಮುಂದೆ ಮಾಲೀಕರು ತೀರಿಕೊಂಡರು, ಅಂಗಡಿ ಮುಚ್ಚಿತು. ಇ-ಮೇಲ್ ಮಾತ್ರ ನಡೆದೇ ಇತ್ತು. ಒಂದು ದಿನ ಅದೂ ನಿಂತಿತು.

ವಿಮೆಯ ಒಟಿಪಿ ಆ ವಿಳಾಸಕ್ಕೇ ಹೋಗುತ್ತಿತ್ತು. ಅದು ಒಂದು ಚಿಂತೆ. ದೊಡ್ಡ ಚಿಂತೆ ಬೇರೆ. ನನ್ನ ಶಾಲೆಯ ಗೆಳೆಯನೊಬ್ಬ ಮಗನ ಹತ್ತಿರ ಪರದೇಶದಲ್ಲಿದ್ದಾನೆ. ದೀಪಾವಳಿಗೊಮ್ಮೆ ಉದ್ದನೆಯ ಪತ್ರ ಬರೆಯುತ್ತಾನೆ. ಅವನ ಬಳಿ ಇದ್ದ ನನ್ನ ವಿಳಾಸ ಅದೊಂದೇ. ಅವನ ವಿಳಾಸವೋ, ನಾನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮುಚ್ಚಿಹೋದ ಆ ಪೆಟ್ಟಿಗೆಯೊಳಗೇ ಇತ್ತು.

ಕಾಲೇಜಿಗೆ ಹೋಗುವ ಮೊಮ್ಮಗಳು ನೋಡಿ ಹೇಳಿದಳು: “ಮುತ್ಯಾ, ಮನಿ ಬಾಡಿಗಿ ಯಾರೂ ಕಟ್ಟಿಲ್ಲ.”

ಮಕ್ಕಳೇ, ಇ-ಮೇಲ್ ವಿಳಾಸದ ನಡುವೆ ಸುರುಳಿಯಂಥ ಒಂದು ಗುರುತು ಇರುತ್ತದಲ್ಲ, ಅದನ್ನು 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರ್ ಆರಿಸಿದರು. ಗುರುತಿನ ಹಿಂದೆ ಇರುವುದು ಮನುಷ್ಯ, ಮುಂದೆ ಇರುವುದು ಮನೆ. ಈ ಮನೆಗೆ ಡೊಮೈನ್ ಎನ್ನುತ್ತಾರೆ. ಅದನ್ನು ಯಾರೂ ಕೊಂಡುಕೊಳ್ಳುವುದಿಲ್ಲ, ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತಾರೆ. ಬಾಡಿಗೆ ತಪ್ಪಿದರೆ, ‘ಡಾಟ್ ಕಾಮ್’ ಹೆಸರುಗಳಲ್ಲಿ ಮೊದಲು ಕೆಲವು ದಿನ ಸುಮ್ಮನೆ ಕಾಯುತ್ತಾರೆ. ಆಮೇಲೆ 30 ದಿನ, ಹಳೆಯ ಬಾಡಿಗೆದಾರ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಮತ್ತೆ 5 ದಿನ ಯಾರಿಗೂ ಇಲ್ಲ. ಅದು ಮುಗಿದರೆ ಮೊದಲು ಕೇಳಿದವನಿಗೆ. ಬಂಗಾರದ ಸಾಲಕ್ಕೆ ನೋಟಿಸು ಕೊಟ್ಟು ಹರಾಜು ಹಾಕಿದ ಕೈ ನನ್ನದು. ಕೂಡಲೇ ಅರ್ಥವಾಯಿತು.

ದೊಡ್ಡವರೂ ಇದನ್ನು ಮರೆಯುತ್ತಾರೆ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಗೆಳೆಯನೊಡನೆ 1996ರಲ್ಲಿ ಶುರುಮಾಡಿದ ಹಾಟ್‌ಮೇಲ್ ಮುಂದಿನ ವರ್ಷವೇ ಮೈಕ್ರೋಸಾಫ್ಟ್ ಪಾಲಾಯಿತು. 1999ರ ಡಿಸೆಂಬರಿನಲ್ಲಿ ಅದರ ಬಾಗಿಲಿನಂತಿದ್ದ ಒಂದು ಡೊಮೈನ್‌ನ ಬಾಡಿಗೆ ಕಟ್ಟಲು ಅಂಥ ಕಂಪನಿಯೇ ಮರೆಯಿತು. ಕ್ರಿಸ್‌ಮಸ್ ಹೊತ್ತಿಗೆ ಬಹಳ ಜನರಿಗೆ ಪೆಟ್ಟಿಗೆ ತೆರೆಯಲಿಲ್ಲ. ಕೊನೆಗೆ ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ತನ್ನ ಕೈಯಿಂದ 35 ಡಾಲರ್ ಕಟ್ಟಿದ!

ನಾನು ಮೊದಲು ಮಾಲೀಕರ ಮಗನಿಗೆ ಫೋನು ಮಾಡಿದೆ. “ನಮಗ ಬ್ಯಾಡರಿ ಕಾಕಾ, ನೀವೇ ಇಟ್ಕೋರಿ” ಎಂದ. ಆದರೆ ಅಪ್ಪನ ಪಾಸ್‌ವರ್ಡ್ ಅವನಿಗೂ ಗೊತ್ತಿರಲಿಲ್ಲ. ಹಾಗಾಗಿ ಗಡುವು ಮುಗಿಯುವವರೆಗೆ ಕಾಯುವುದೊಂದೇ ದಾರಿ. ಬಿಟ್ಟುಹೋದ ಹೆಸರುಗಳನ್ನು ಹಿಡಿದು ಮಾರುವ ವ್ಯಾಪಾರಿಗಳಿದ್ದಾರೆ ಎಂದು ಮೊಮ್ಮಗಳು ಹೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ದಿನಾ ಎದ್ದು “ಬಿಟ್ಟಾರೇನವಾ?” ಎಂದು ಕೇಳುವುದೇ ಕೆಲಸ. ಕಡೆಗೊಂದು ಬೆಳಗ್ಗೆ ಸಿಕ್ಕಿತು. ವರ್ಷಕ್ಕೆ ಸಾವಿರ ರೂಪಾಯಿಯ ಸುಮಾರು.

ಹಳೆಯ ಪತ್ರ ಒಂದೂ ಬರಲಿಲ್ಲ. ಅವು ಇದ್ದದ್ದು ಅಂಗಡಿಯವರು ಹಿಡಿದಿದ್ದ ಬೇರೆ ಕಂಪ್ಯೂಟರಿನಲ್ಲಿ. ಹೆಸರಿನ ಜೊತೆ ಅವು ಬರುವುದಿಲ್ಲ. ಇನ್ನು ಮುಂದೆ ಬರುವ ಪತ್ರ ಯಾವ ಪೆಟ್ಟಿಗೆಗೆ ಬೀಳಬೇಕೆಂದು ಮೊಮ್ಮಗಳು ಬರೆದು ಹಾಕಿದಳು. ಆಗ ಒಂದು ಮಾತು ಕೇಳಿದಳು: “ಮುತ್ಯಾ, ಈ ಮನಿಗೆ ಯಾರ ಹೆಸರಿಗೆ ಬಂದರೂ ನಿನಗ ಬರೂಹಂಗ ಮಾಡಬಹುದು. ಮಾಡ್ಲೇನು?”

ನನ್ನ ಎದೆ ಧಸಕ್ಕೆಂದಿತು. ಅಂದರೆ ಮಾಲೀಕರ ಪತ್ರ, ಉಳಿದ ನೌಕರರ ಪತ್ರ ಎಲ್ಲ ನನ್ನ ಕೈಗೆ! ಯಾರದೋ ಖಾತೆಯಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಹೊಸ ಪಾಸ್‌ವರ್ಡಿನ ದಾರಿಯೂ ನನಗೇ ಬರುತ್ತದೆ. ಈ ಹೆಸರು ಕಳ್ಳನಿಗೆ ಸಿಕ್ಕಿದ್ದರೆ ನನ್ನ ವಿಮೆಯ ಗತಿ ಏನಾಗುತ್ತಿತ್ತು? ಬ್ಯಾಂಕಿನ ಸೋಗಿನಲ್ಲಿ ಯಾರೂ ನುಸುಳಬಾರದೆಂದು ರಿಸರ್ವ್ ಬ್ಯಾಂಕು, 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಹೋಗಬೇಕೆಂದು ಹೇಳಿದ್ದು ಸುಮ್ಮನೆ ಅಲ್ಲ. ಆ ಹೆಸರು ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ.

“ಬ್ಯಾಡವಾ. ನನ್ನದೊಂದೇ ತೆಗಿ. ಉಳಿದದ್ದು ಕಳಿಸಿದವರಿಗೇ ತಿರುಗಿ ಹೋಗಲಿ” ಎಂದೆ. ಇನ್ನೊಬ್ಬರ ಪಾಸ್‌ಬುಕ್ಕನ್ನು ಕಾರಣವಿಲ್ಲದೆ ತೆರೆದವನಲ್ಲ ನಾನು. ನನಗೆ ಗೊತ್ತಿದ್ದ ಹಳೆಯ ನೌಕರರಿಗೆ ಫೋನು ಮಾಡಿ, ಆ ವಿಳಾಸ ಎಲ್ಲಿ ಕೊಟ್ಟಿದ್ದೀರೋ ಅಲ್ಲಿ ಬದಲಿಸಿರಿ ಎಂದು ಹೇಳಿದೆ. ನನ್ನ ಪಿಂಚಣಿ, ವಿಮೆಯನ್ನೂ ಬೇರೆ ವಿಳಾಸಕ್ಕೆ ಬದಲಿಸಿದೆ. ಹಾಗಾದರೆ ಬಾಡಿಗೆ ಯಾಕೆ ಎಂದು ಮಗ ಕೇಳಿದ. ಅವನಿಗೇನು ಗೊತ್ತು?

ಒಮ್ಮೆಗೆ 10 ವರ್ಷದವರೆಗೆ ಕಟ್ಟಬಹುದಂತೆ. ನನಗೀಗ ಎಪ್ಪತ್ನಾಲ್ಕು. ಐದಕ್ಕೆ ಕಟ್ಟಿದೆ. “ಯಾಕ ಮುತ್ಯಾ, ಜಿಪುಣತನ?” ಎಂದು ಮೊಮ್ಮಗಳು ನಕ್ಕಳು. ಮುಗಿಯುವ ತಾರೀಖು ಡೈರಿಯಲ್ಲಿ ಬರೆದು, ಡೈರಿ ಇರುವ ಜಾಗ ಅವಳಿಗೂ ತೋರಿಸಿದ್ದೇನೆ.

ದೀಪಾವಳಿ ಪಾಡ್ಯದ ರಾತ್ರಿ ಪತ್ರ ಬಂತು. “ನಡುವ ಒಂದು ಕಾಗದ ಹಾಕಿದ್ದೆ. ಇಂಥ ವಿಳಾಸನ ಇಲ್ಲ ಅಂತ ತಿರುಗಿ ಬಂತು. ಮನಸಿನ್ಯಾಗ ಏನೇನೋ ಬಂತಪಾ, ಬರಿಯಾಕ ಮನಸಿಲ್ಲ. ಆದ್ರೂ ಇನ್ನೊಮ್ಮೆ ನೋಡೂನು ಅಂತ ಹಾಕೀನಿ. ಇದ್ದರ ಬರಿ. ಈ ವರ್ಷ ಜೋಳ ಹೆಂಗದ?”

ಅದೇ ರಾತ್ರಿ ಬರೆದೆ. ಮೊದಲು ಜೋಳದ ಸುದ್ದಿ.